ಏಳುನೂರ ಮೂವತ್ತೊಂದು

ಸಾವಿರದಲ್ಲಿ ಏಳುನೂರ ಮೂವತ್ತೊಂದನೆಯದು.
ಒಂಟಿಕಿವಿಯ ಮೊಲರಾಯ, ರಾತ್ರಿರೈಲಿನ ಚಾಲಕ,
ಅಂಗೈಯಗಲದ ಎಂಜಿನ್ನಿನಲ್ಲಿ ಕೂತು
ಒಸಾಕಾದಿಂದ ಹಾಸನದ ಪೆನ್ಷನ್ ಮೊಹಲ್ಲಾಕ್ಕೆ ಬಂದಿದ್ದಾನೆ.
ಸುಂಕ ಕಟ್ಟಿದೆ, ಗೊಣಗಿದೆ,
ಡಬ್ಬಿಯ ಅಂಟು ಮಾತ್ರ ಇನ್ನೂ ಬಿಚ್ಚಿಲ್ಲ.

ಹೆಪ್ಪು ಕೇಳಲು ಬಂದ ಜರೀನಾಬಿ
'ಎಷ್ಟಾಯ್ತಮ್ಮಾ ಈ ಗೊಂಬೆಗೆ?' ಅಂದರು.
ಒಂದು ಸೊನ್ನೆ ನುಂಗಿ ಹೇಳಿದೆ.
ಆದರೂ ಹೌಹಾರಿದರು.

ಅವರು ಹೋದಮೇಲೆ ಸುಮ್ಮನೆ ಕೂತೆ:
ಏಳುನೂರ ಮೂವತ್ತು ಯಾರ ಮನೆಯಲ್ಲಿದೆಯೋ,
ಮೂವತ್ತೆರಡು ಯಾವ ಊರಲ್ಲೋ,
ಎಡಕ್ಕೊಬ್ಬರು ಬಲಕ್ಕೊಬ್ಬರು, ನನ್ನ ನೆರೆಯವರು,
ಹೆಸರು ಗೊತ್ತಿಲ್ಲ;
ಅಲ್ಲೂ ಯಾರೋ ಬೆಲೆ ಮುಚ್ಚಿಟ್ಟು
ಬೀರು ಹಾಕುತ್ತಿರಬಹುದು.

ಸ್ಟೇಷನ್ನಿನ ಕಡೆಯಿಂದ ಗಾಡಿ ಕೂಗಿತು.
ಮೊಲರಾಯ ನಂಬಲಿಲ್ಲ,
ಮುಂದೆಯೇ ನೋಡುತ್ತಿದ್ದ.

ಆಮೇಲೆ ನೆನಪಾಯಿತು,
ಜರೀನಾಬಿಯ ಬಟ್ಟಲು
ಕಟ್ಟೆಯ ಮೇಲೆ ಖಾಲಿಯೇ ಉಳಿದಿತ್ತು.