ಹಲ್ಲು ಕಚ್ಚಿ

ಸಾತರಸ್ತಾದ ದವಾಖಾನ್ಯಾಗ
ದೇಗಾಂವಕರ ಬಾಯಿ ನನ್ನ ಬಾಯಾಗ ಕನ್ನಡಿ ಇಟ್ಟು
ಹಿಂದಿನ ಹಲ್ಲು ತಟ್ಟಿ, ಮರಾಠಿಯೊಳಗ ಕೇಳಿದರು:
ರಾತ್ರಿ ಏನು ಅಗೀತೀರಿ?

ಏನೂ ಇಲ್ಲರಿ. ಎಂಟಕ್ಕ ಭಕ್ಕರಿ ತಿಂದು
ಮಷೀನಿಗೆ ಕೂತರ ಹನ್ನೆರಡಕ್ಕ ಏಳತೀನಿ.
ಅಗಿಯೂದೆಲ್ಲಿ ಬಂತು.

ಸವದಾವ, ಅಂದರು,
ಬೀಸಿ ಬೀಸಿ ನುಣ್ಣಗಾದ ಕಲ್ಲಿನಂಗ.
ನನಗ ಮೂವತ್ತಾರು.
ಹಲ್ಲಿಗೆ ಅರವತ್ತು.

ಆಮ್ಯಾಲ ಕೇಳಿದರು: ಟೆನ್ಷನ್ ಏನರ ಅದ ಏನು?

ನಕ್ಕೆ. ಬಾಯಾಗ ಹತ್ತಿ ಇತ್ತು, ನಗಿ ಹೊರಗ ಬರಲಿಲ್ಲ.
ಟೆನ್ಷನ್ ನನಗ ಗೊತ್ತಿಲ್ಲೇನು?
ಮಷೀನಿನ ಮಾರಿ ಮ್ಯಾಲೇ ಇರತದ,
ಎರಡು ಸಣ್ಣ ಬಿಲ್ಲೆ ನಡುವ ದಾರ, ಒಂದು ಸ್ಪ್ರಿಂಗು, ಒಂದು ತಿರುಪು.
ಬಿಗಿ ಆತಂದ್ರ ಹೊಲಿಗಿ ಸುಕ್ಕು ಹಿಡೀತದ,
ಇನ್ನೂ ಬಿಗಿದರ ದಾರ ಪಟ್ ಅಂತದ.
ಸಡ್ಲ ಬಿಟ್ಟರ ಅರಿವಿ ಕೆಳಗ ಕುಣಿಕಿ ಕುಣಿಕಿ ಜೋತು ಬೀಳತಾವ.
ಹದಿನಾಲ್ಕು ವರ್ಷಾತು,
ಕಣ್ಣು ಮುಚ್ಚಿ ಹೇಳತೀನಿ ಎಷ್ಟು ತಿರುವಬೇಕು,
ಖಾಕಿಗೆ ಎಷ್ಟು, ಟೆರಿಕಾಟಿಗೆ ಎಷ್ಟು.
ಮಷೀನಿಂದು.

ಏನಾಗೇದ ಅಂತ ಹೇಳಲಿ? ಏನೂ ಆಗಿಲ್ಲ.
ಯಾರೂ ಸತ್ತಿಲ್ಲ. ಮನಿ ಸುಟ್ಟಿಲ್ಲ.
ಗಂಡ ಹೊಡೆಯೂದು ರಿಕ್ಷಾ ಅಷ್ಟ.
ಜೂನಿಗೆ ಸಾಲಿ ಸುರು, ಏಪ್ರಿಲ್‌ದಿಂದ ಗಡ್ಡಂ ಶೇಟನ ಫೋನು:
ಅರವತ್ತು ಚಡ್ಡಿ, ಮಹಾನಂದಾ, ಮುಂಜಾನಿ ಗಾಡಿ ಬರತದ.
ಚಡ್ಡಿಗೆ ಎಂಟು ರೂಪಾಯಿ. ಕಾಜಾ ತಪ್ಪಿದರ ಎರಡು ಕಟ್ಟು.
ಆಗಸ್ಟಿನ್ಯಾಗ ಫೋನು ಬರೂದಿಲ್ಲ.
ಬರಲಿಲ್ಲಲ್ಲ ಅಂತ ಎದಿ ಡಬಡಬ ಅಂತದ,
ಬಂದರೂ ಅದೇ ಡಬಡಬ.
ಬ್ಯಾರೆಯವರ ಫೋನು ಬಡಕೊಂಡರೂ
ನನ್ನ ಕೈ ಅರಿವಿ ಬಿಟ್ಟು ಉಡಿಗೆ ಹೋಗತದ.

ಮುಟ್ಟು ತಿಂಗಳ ತಪ್ಪಸತದ.
ಕೂದಲಾ ಉದುರಿ ಬಾಬಿನ್ನಿಗೆ ಸುತ್ತಕೊಂಡು ಬರತಾವ.
ನಿನ್ನಿ ಕತ್ತರಿ ಕೈಯಾಗ ಹಿಡಕೊಂಡು
ಮನಿಯೆಲ್ಲಾ ಕತ್ತರಿ ಹುಡುಕಿದೆ.

ಇಂಡಿಯಿಂದ ನನ್ನ ಕಳಸುವಾಗ ಅವ್ವ
ಬಸ್ಸಿನ ಕಿಟಕ್ಯಾಗ ಕೈ ಹಾಕಿ ಅಂದಿದ್ದಳು:
ಹಲ್ಲು ಕಚ್ಚಿ ಬಾಳ್ವೆ ಮಾಡು, ಮಗಳ.
ಯಾರರ ಏನರ ಅಂದರ ಹೊಟ್ಟ್ಯಾಗ ಹಾಕೊ.
ಮನಸು ಮರತಿತ್ತು ಆ ಮಾತು.
ಮೈ ಮರತಿಲ್ಲ.
ಒಂದಕ್ಷರ ಬಿಡಲಾರದ ಪಾಲಿಸೇದ,
ಹೊಟ್ಟಿ ಉರಿ ಉರಿ,
ಹಲ್ಲಿಗೆ ಹಗಲು ಸಾಲದ ರಾತ್ರಿ ಪಾಳಿ.

ಪ್ಲಾಸ್ಟಿಕಿನ ಕವಚ ಮಾಡಿಕೊಡತೀನಿ, ಅಂದರು ಬಾಯಿ,
ಮಲಗುವಾಗ ಹಲ್ಲಿನ ನಡುವ ಇಡೂದು.
ಎರಡು ಸಾವಿರದ ನಾಕನೂರು.
ಮೆಟ್ಟಲ ಇಳಿಯುತ್ತ ಲೆಕ್ಕ ಹಾಕಿದೆ:
ಮುನ್ನೂರು ಚಡ್ಡಿ.
ಐದು ರಾತ್ರಿ ಹಲ್ಲು ಕಡದರ ಹಲ್ಲು ಉಳೀತಾವ.

ನಡುರಾತ್ರಿ ಎಚ್ಚರಾತು. ಕರೆಂಟ್ ಹೋಗಿ ಫ್ಯಾನು ನಿಂತಿತ್ತು.
ಕಟರ್ ಕಟರ್ ಸಪ್ಪಳ.
ನಂದೇ ಅನಕೊಂಡು ಗದ್ದ ಮುಟ್ಟಿಕೊಂಡೆ.
ನನ್ನ ದವಡಿ ಸುಮ್ಮನಿತ್ತು.

ಬಾಜೂಕ ಪ್ರಾಂಜಲಿ. ಆರು ತುಂಬಿ ಏಳು.
ಇನ್ನೂ ಹಾಲಹಲ್ಲು.
ಹೊಟ್ಟ್ಯಾಗ ಜಂತಾಗ್ಯಾವ, ಔಷಧ ಕುಡಸು, ಅಂದಿದ್ದಳು ಇಮಾಂಬಿ ಖಾಲಾ.
ಕುಡಸೀನಿ, ಎರಡು ಸಲ.
ಜಂತಲ್ಲ ಅದು.
ಫೋನು ಬಡಕೊಂಡಾಗ ಈಕಿ
ಬರೆಯೂದು ಬಿಟ್ಟು ನನ್ನ ಮಾರಿ ನೋಡತಾಳ, ಬಹಳ ದಿನದಿಂದ.
ಅವ್ವ ನೋಡಿಲ್ಲ ಅಂದಕೊಂಡಾಳ.

ಗಲ್ಲದ ಮ್ಯಾಲೆ ಬೆರಳಿಟ್ಟೆ.
ಒಳಗ ಹುಣಸಿಬೀಜದಷ್ಟು ಗಂಟು
ಬಿಗೀತು, ಸಡ್ಲಾತು, ಬಿಗೀತು.
ರೂಢಿ ಮ್ಯಾಲೆ ಬೆರಳು ತಿರುಪು ಹುಡುಕಿದವು,
ಕಿವಿ ಹಿಂದ, ಗದ್ದದ ಕೆಳಗ.

ಆಮ್ಯಾಲ ಕತ್ತಲದಾಗ
ಡಾಕ್ಟರ್ ಬಾಯಿ ಹೇಳಿದಂಗ ಬಾಯಿ ತೆರೆದೆ, ದೊಡ್ಡದು.
ಆ.
ದವಡಿ ಕಟ್ ಅಂತು,
ಬಹಳ ವರ್ಷ ತಗೀಲಾರದ ಟ್ರಂಕಿನಂಗ.
ದಿಂಬಿನ ಕೆಳಗ ಫೋನು ಒಮ್ಮೆ ಬೆಳಗಿ ಆರಿತು.
ಬಾಯಿ ಹಂಗೇ ಇಟ್ಟೆ,
ಮುಚ್ಚಲಿಲ್ಲ.