ತೇವದ ಇದ್ದಿಲು

ಚೋಂದಮ್ಮ ತಂದದ್ದು ಎರಡು ಗಂಟು.
ಒಂದರಲ್ಲಿ ಅವರ ಅವ್ವನ ಕೊಕ್ಕೆತಾತಿ,
ಇನ್ನೊಂದರಲ್ಲಿ ಪುಸ್ತಕ, ನಾಲ್ಕು ಸೇರು ಅಕ್ಕಿಯ ಭಾರ,
ಕರ್ನಲ್ ಮಾಸ್ಕೋದಲ್ಲಿದ್ದಾಗ
ಯಾವುದೋ ಮ್ಯೂಸಿಯಮ್ಮಿನ ಬಾಗಿಲಲ್ಲಿ ಕೊಂಡದ್ದು.

"ಇದನ್ನು ಕರಗಿಸು," ಅಂದರು, "ಮೊಮ್ಮಕ್ಕಳು ಇಬ್ಬರು.
ಇಂಥವು ಎರಡು ಆಗಬೇಕು."
ಬೆರಳಿಟ್ಟ ಪುಟದಲ್ಲಿ ಒಂದು ಚಂದ್ರ,
ಕೊಂಬು ಕೆಳಗೆ ಮಾಡಿ ತೂಗುವ ಬೆಳ್ಳಿಯ ಚಂದ್ರ,
ಮೈತುಂಬ ಸಾಸಿವೆಗಿಂತ ಸಣ್ಣ ಕಾಳು.

ವಿರಾಜಪೇಟೆಯ ಗಡಿಯಾರ ಕಂಬದಲ್ಲಿ ಹನ್ನೊಂದು.
ಕನ್ನಡಕ ಒರೆಸಿ ಕೂತೆ.

ಆ ಲಿಪಿ ನನಗೆ ಬಾರದು. ಬೆಸುಗೆ ಓದಬಲ್ಲೆ.
ಒಂದೊಂದೇ ಕಾಳನ್ನು ಗರಿಯ ತುದಿಯಲ್ಲಿ ಎತ್ತಿ ಕೂರಿಸಿದ್ದಾನೆ,
ಬೆಂಕಿಗೆ ಹಿಡಿದಾಗ ಉಸಿರು ಬಿಗಿಹಿಡಿದಿದ್ದಾನೆ;
ಎಡಗೊಂಬಿನ ಹತ್ತಿರ ಮಾತ್ರ
ಊದುಕೊಳವೆ ಚೂರು ಹೆಚ್ಚು ಊದಿ
ಮೂರು ಕಾಳು ಒಂದರೊಳಗೊಂದು ಕೂಡಿಬಿಟ್ಟಿವೆ.
ಕೆಮ್ಮು ಬಂದಿರಬೇಕು.
ಅಥವಾ ಯಾರೋ ಊಟಕ್ಕೆ ಕರೆದಿರಬೇಕು.
ಎಂಟುನೂರು ವರ್ಷ ದಾಟಿತಂತೆ,
ಆ ಕೆಮ್ಮು ಇನ್ನೂ ಅಲ್ಲೇ ಇದೆ.

ಮುಂದಿನ ಪುಟ: ಬೆನ್ನಿಗೆ ಬೆನ್ನು ಕೊಟ್ಟ ಎರಡು ಹಕ್ಕಿ,
ನೀಲಿ ಮೀನಾಕಾರಿ, ನಡುವೆ ಒಂದು ಗಿಡ.
ಅಂಚಿನಲ್ಲಿ ಕರ್ನಲರ ಪೆನ್ಸಿಲ್:
"ಕಿವಿಯ ಪಕ್ಕ ತೂಗುವುದು. ಒಳಗೆ ಟೊಳ್ಳು.
ಅತ್ತರಿನ ಬಟ್ಟೆ ತುರುಕುತ್ತಿದ್ದರಂತೆ."
ನಮ್ಮ ಜೋಮಾಲೆಯ ಗುಂಡೂ ಟೊಳ್ಳೇ, ಒಳಗೆ ಅರಗು.
ಮದುವೆಮನೆಯಲ್ಲಿ ಚಿನ್ನ ಎಷ್ಟೆಂದು ಕೇಳುವವರಿಗೆ
ಅರಗಿನ ಲೆಕ್ಕ ಯಾರೂ ಹೇಳುವುದಿಲ್ಲ.

ಕೆಳಗೆ ಮತ್ತೆ ಪೆನ್ಸಿಲ್. ಚೋಂದಮ್ಮನೇ ಓದಿದರು, ತಲೆಯೆತ್ತದೆ:
"ಒಲೆಯ ಕೆಳಗೆ ಹೂತಿಟ್ಟದ್ದು. ಊರು ಸುಟ್ಟಿತು.
ತೆಗೆಯಲು ಯಾರೂ ಬರಲಿಲ್ಲ."
"ಅವರು ಬರೆಯುವುದೇ ಹೀಗೆ," ಅಂದರು,
"ಕಾಗದ ಬರೆದರೂ ಹುಕುಂ ಬಂದ ಹಾಗೆ."

ಕೊಕ್ಕೆತಾತಿ ಬಿಚ್ಚಿ ಮಗುಚಿದೆ.
ನಾಗರ ಹೆಡೆಯ ಹಿಂದೆ, ಭತ್ತದ ಮುಳ್ಳಿನಷ್ಟು, ಅರದ ಒಂದು ಗೀರು.
ಉಡುವವರಿಗೆ ಕಾಣದು. ಕರಗಿಸುವವನಿಗೆ ಮಾತ್ರ.
ಅಜ್ಜ ಮಾಡಿದ್ದಕ್ಕೆಲ್ಲ ಹೀಗೊಂದು ಗೀರು ಎಳೆಯುತ್ತಿದ್ದ,
ಸಹಿ ಹಾಕಲು ಬಾರದ ಮನುಷ್ಯ.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅನ್ನುತ್ತಾರೆ.
ಅಜ್ಜನದನ್ನು?

ತಕ್ಕಡಿಯಲ್ಲಿಟ್ಟೆ. ಮುಳ್ಳು ಅತ್ತಿತ್ತ ಆಡಿ ನಿಂತಿತು.
ತೂಕ ಹೇಳಿದೆ. ಕೆಂಪು ಹರಳಿನ ಲೆಕ್ಕ ಬೇರೆ ಹೇಳಿದೆ.
ಮೂಸೆ ಕೈಗೆಟಕುವಲ್ಲೇ ಇತ್ತು.
"ಇವತ್ತು ಆಗದು ಅಮ್ಮ," ಅಂದೆ, "ಇದ್ದಿಲು ತೇವ."

ಹೂಮಳೆ ಬೀಳದೆ ಕಾಫಿಯ ಮೊಗ್ಗು
ಮೊನೆಯಾಗಿ ನಿಂತ ವಾರ ಅದು.
ಗೋಣಿಕೊಪ್ಪದ ಬಸ್ಸು ಹೋದರೆ
ಧೂಳು ಒಳಗೆ ಬಂದು ಗಾಜಿನ ಮೇಲೆ ಕೂರುವ ಬಿಸಿಲು.
ಚೋಂದಮ್ಮ ಬಾಗಿಲಾಚೆ ನೋಡಿದರು, ಬಹಳ ಹೊತ್ತು.
"ಹೌದು," ಅಂದರು. "ತೇವ ಇದ್ದೀತು."
ಕೊಕ್ಕೆತಾತಿ ಸೆರಗಿಗೆ ಕಟ್ಟಿಕೊಂಡು ಎದ್ದರು.
"ಪುಸ್ತಕ ಇರಲಿ ನಿನ್ನಲ್ಲಿ."

ಸಂಜೆ ಅಂಗಡಿ ಮುಚ್ಚಿ
ಆ ಮೂರು ಕಾಳನ್ನು ತಾಮ್ರದಲ್ಲಿ ಮಾಡಿ ನೋಡಿದೆ,
ನಾಲ್ಕು ಸಲ, ಐದು ಸಲ.
ಕೆಮ್ಮದೆ ಕೂಡಲಿಲ್ಲ.