ಒತ್ತು

ಏಪ್ರಿಲ್. ಹನ್ನೊಂದಕ್ಕೇ ಕಲಬುರಗಿ ಕಾದ ಹಂಚು.
ಶಹಾಬಾದಿ ಫರಸಿಗೆ ನೀರು ಚೆಲ್ಲಿ
ಒದ್ದೆಯ ಮೇಲೆ ನಾನು ಕೂತಿದ್ದೇನೆ;
ಲ್ಯಾಪ್‌ಟಾಪು ಸ್ಟೂಲಿನ ಮೇಲೆ, ಮರ್ಯಾದೆಯಿಂದ.

ಕೆಲಸ ಹೋಗಿ ನಲವತ್ತೊಂದು ದಿನ.
ಲೆಕ್ಕ ನಾನಿಟ್ಟದ್ದಲ್ಲ, ಎದುರುಮನೆ ಗುರುಬಾಯಿ ಇಟ್ಟದ್ದು.
"ಇನ್ನಾ ರಜಾ ಅದ ಏನ್ರೀ ನಿಮಗ?"
ಅದ, ಅನ್ನುತ್ತೇನೆ.
ರಜಾ ಅದ.

ಪೋರ್ಟ್‌ಫೋಲಿಯೊ ಅಂತ ಒಂದು ಫೋಲ್ಡರು.
ಒಳಗೆ "ಹೊಸದು", ಅದರೊಳಗೆ "ಖರೇ ಹೊಸದು",
ಅದರೊಳಗೆ "ಇದೇ ಕಡೇದು ೩".
ಹನ್ನೊಂದು ವರ್ಷ ತೊಗರಿಬೇಳೆ ಚೀಲಕ್ಕೆ ಮುಖ ಬರೆದವಳು ನಾನು:
ಹಳದಿ ಹೂ, ಹಸಿರು ಕಾಯಿ, ಸೌಟು ಹಿಡಿದು ನಗುವ ಹೆಣ್ಣು,
ಒಂದು ಮಿಲ್ಲಿಗೆ ಕೋಟೆಯ ತೋಪು,
ಇನ್ನೊಂದಕ್ಕೆ ವಿಮಾನ.
ವಿಮಾನ ಯಾಕ್ರೀ ಅಂತ ಕೇಳಿದ್ದೆ.
"ಮ್ಯಾಲ ಹೋಗ್ಲಿ ಅಂತ" ಅಂದರು.
ನಮ್ಮ ಪ್ರೆಸ್ಸಿನ ಮಾಣಿಕರಾವ್ ಸಾಹುಕಾರರಿಗೆ ಮಾತ್ರ
ಅವರ ಸ್ವಂತ ಚೀಲದ ಮೇಲೆ ಐದು ವರ್ಷದ ಮೊಮ್ಮಗನ ಫೋಟೊ,
ಸುತ್ತ ತೊಗರಿಯ ಎಸಳು.

ಈಗ ಹದಿನಾರರ ಅದೇ ಹುಡುಗ
ಚಾ ಆರುವುದರೊಳಗೆ ಮೊಬೈಲಿನಲ್ಲಿ
ನಾಲ್ಕು ಚೀಲ ಮಾಡಿ ತೋರಿಸಿದ.
ಚೆನ್ನಾಗಿಯೇ ಇದ್ದವು. ಅದೇ ಕಷ್ಟ.

ನನ್ನವನ್ನು ನೋಡಿದರೆ ಎಲ್ಲಕ್ಕೂ ನೆರಳು ಜಾಸ್ತಿ,
ಅಕ್ಷರಕ್ಕೆ ಚಿನ್ನದ ಅಂಚು, ಆ ಅಂಚಿಗೆ ಮತ್ತೊಂದಂಚು.
ಒಂದನ್ನು ಅಳಿಸುತ್ತೇನೆ. ಕರೆಂಟು ಹೋಗುತ್ತದೆ.
ಬಂದ ಮೇಲೆ ಅಳಿಸಿದ್ದನ್ನೇ ವಾಪಸು ತರುತ್ತೇನೆ.
ಹೀಗೆ ಮೂರು ದಿನ.

ಉಮೇದು ಅಂದರೆ ನಮ್ಮ ಓಣಿಯ ನಳ.
ಐದು ದಿನಕ್ಕೊಮ್ಮೆ, ಅದೂ ನಸುಕಿನಲ್ಲಿ, ಹೇಳದೆ ಕೇಳದೆ.
ಕೊಡ ಹಚ್ಚಿಟ್ಟವರಿಗೆ ಅರ್ಧ ಕೊಡ.
ನೀರು ಬಂದಮೇಲೆ ಏಳುತ್ತೇನೆ ಅಂದವರಿಗೆ
ಗಾಳಿಯ ಗೊರಗೊರ.

"ಸ್ವಲ್ಪ ಕಾಗಿ ಓಡ್ಸ ಬರ್ರಿ" ಅಂತ ಗುರುಬಾಯಿ ಕರೆದಳು.
ಮಾಳಿಗೆಯ ತುಂಬ ಸಂಡಿಗೆ,
ಸಂಡಿಗೆಯ ಕೆಳಗೆ ಸೀಳಿ ಹಾಸಿದ ಚೀಲ.
ಎರಡು ಸಾಲಿನ ನಡುವೆ, ಬಿಸಿಲಿಗೆ ಮಾಸಿ,
ನನ್ನ ಕೈಯ ಕೆಂಪು ಅಕ್ಷರ:
ಅಪಟ ತೊಗರಿಬೇಳೆ.

ಅಪಟ.

ಆರು ವರ್ಷದ ಹಿಂದೆ ಪಕಾರದ ಕೆಳಗಿಂದ
ಒಂದು ಒತ್ತು ಜಾರಿತ್ತು.
ಮಷೀನಿನ ಖಯೂಮ್ ಭಾಯಿ ಕಂಡುಹಿಡಿದದ್ದು,
ಇಪ್ಪತ್ತು ಸಾವಿರ ಚೀಲ ಆದಮೇಲೆ:
"ಅಕ್ಕಾ, ಇದರ ಕಾಲ್ ಎಲ್ಲಿ?"
ಸಾಹುಕಾರರು ಎಲೆಯಡಿಕೆ ಉಗಿದು ಬಂದು
"ಬ್ಯಾಳಿ ಕುದಸೋರು ಚೀಲ ಓದ್ತಾರೇನ್ ಬಿಡವಾ" ಅಂದಿದ್ದರು.
ಇಪ್ಪತ್ತು ಸಾವಿರ ತಪ್ಪಿಗೆ ಕೆಲಸ ಹೋಗಲಿಲ್ಲ.
ಒಂದೂ ತಪ್ಪಿಲ್ಲದ ವರ್ಷ ಹೋಯಿತು.

ಆವತ್ತಿನಿಂದ ನಾನು ಯಾವ ಬೋರ್ಡನ್ನಾದರೂ
ತಲೆಯಿಂದಲ್ಲ, ಕಾಲಿನಿಂದ ಓದುವವಳು.
ಸುಪರ್ ಮಾರ್ಕೆಟ್ಟಿನ ಅಂಗಡಿಗಳು, ಮದುವೆ ಪತ್ರಿಕೆ, ಬಸ್ಸಿನ ಹಣೆ,
ಎಲ್ಲ ಅಕ್ಷರದ ಕೆಳಗೂ ಬಗ್ಗಿ ನೋಡುತ್ತೇನೆ
ಚಪ್ಪಲಿ ಕಳಕೊಂಡವರಂತೆ.
ಇದನ್ನು ಯಾವ ಫೋಲ್ಡರಿನಲ್ಲೂ ಇಟ್ಟಿರಲಿಲ್ಲ.

ಚೀಲ ಕೊಡ್ತೀರಾ ಅಂದೆ.
"ಸಂಡಿಗಿ ಒಣಗ್ಲಿ, ತಡೀರಿ."
ತಡೆಯಲಿಲ್ಲ. ಇದ್ದ ಹಾಗೆಯೇ ಫೋಟೊ ತೆಗೆದೆ,
ಸಂಡಿಗೆ ಸಮೇತ. ಒಂದರಲ್ಲಿ ಗುರುಬಾಯಿಯ ಹೆಬ್ಬೆರಳೂ ಬಂತು.

ರಾತ್ರಿ ಅದನ್ನೇ ಮೊದಲ ಪುಟಕ್ಕೆ ಹಾಕಿದೆ.
ಪಕ್ಕದಲ್ಲಿ ಸರಿಯಾದ ಪದ, ಅಂಚಿಲ್ಲದೆ, ನೆರಳಿಲ್ಲದೆ.
ಕೆಳಗೆ ಬರೆದೆ:
ಇಪ್ಪತ್ತು ಸಾವಿರ ಪ್ರತಿ. ಒಂದು ಒತ್ತು ಕಡಿಮೆ. ಆಮೇಲೆ ಕಲಿತೆ.
"ಆಮೇಲೆ ಕಲಿತೆ" ಯಾಕೋ ಜಂಬ ಅನ್ನಿಸಿ ತೆಗೆದೆ.
ವಿಮಾನವನ್ನು ಉಳಿಸಿಕೊಂಡೆ.
ಮೊಮ್ಮಗನ ಫೋಟೊ ಬಗ್ಗೆ ಇನ್ನೂ ಗೊತ್ತಿಲ್ಲ.

ನೋಡಿದವರು ಕರೆಯುತ್ತಾರೋ, ನಗುತ್ತಾರೋ.
ನಾಳೆ ನೀರಿನ ದಿನ ಅನ್ನುತ್ತಾರೆ, ಖಾತ್ರಿಯಿಲ್ಲ.
ನಳದ ಬಾಯಿಗೆ ಕೊಡ ಹಚ್ಚಿ
ಬಾಗಿಲ ಹತ್ತಿರವೇ ಹಾಸಿಕೊಂಡಿದ್ದೇನೆ.